ಕೇಬಲ್ ಅಕ್ಕನ ಅಳು

ಬೇರೆ ಹೆಂಗಸರು ಹೂ ಮುಡಿಯುವ ಜಾಗದಲ್ಲಿ ಕೇಬಲ್ ಅಕ್ಕ ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದರು. ಹಳದಿ ಹಿಡಿಯ, ತುದಿ ಸವೆದ ಟೆಸ್ಟರ್. ಅದನ್ನು ತುರುಬಿಗೆ ಅಡ್ಡಲಾಗಿ ಚುಚ್ಚಿ, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹೆಗಲಿಗೆ ಕರಿ ವೈರಿನ ಸುರುಳಿ ಏರಿಸಿಕೊಂಡು ಅವರು ನಮ್ಮ ಬೀದಿಗೆ ಕಾಲಿಟ್ಟರೆಂದರೆ ಯಾರದೋ ಮನೆಯ ಟಿ.ವಿ. ಕೈಕೊಟ್ಟಿದೆ ಎಂದು ಅರ್ಥ. ಮಾತಿನ ನಡುವೆ ಅವರ ಬಲಗೈ ತಾನಾಗಿಯೇ ತುರುಬಿಗೆ ಹೋಗಿ, ಟೆಸ್ಟರ್ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿ ವಾಪಸು ಬರುತ್ತಿತ್ತು. ಗುಡಿಯಲ್ಲಿ ಮಂಗಳಾರತಿಗೆ ಬಗ್ಗಿದಾಗಲೂ ಅದು ಅಲ್ಲೇ ಇರುತ್ತಿತ್ತು. ಪೂಜಾರಿಗಳಿಗೂ ಅಭ್ಯಾಸವಾಗಿಹೋಗಿತ್ತು.

ಚನ್ನಗಿರಿಯಲ್ಲಿ ನಮ್ಮ ಕಡೆಯ ಬೀದಿಗಳಿಗೆ ಮೊದಲು ಕೇಬಲ್ ಎಳೆದವರು ಅವರ ಗಂಡ. ಆತ ಅಕಾಲದಲ್ಲಿ ತೀರಿಕೊಂಡಾಗ ಮೈದುನಂದಿರು, ಇದು ಹೆಂಗಸಿನ ಕೈಲಾಗುವ ಕೆಲಸವಲ್ಲ, ಯಾರಿಗಾದರೂ ಕೊಟ್ಟುಬಿಡಿ ಎಂದರಂತೆ. "ಯಾಕ್ರೀ, ಕಂಬ ಹತ್ತಾಕೆ ಮೀಸೆ ಬೇಕೇನು?" ಎಂದು ಕೇಳಿ ಅಕ್ಕ ಅವತ್ತೇ ಏಣಿ ಹೊರಗೆ ತೆಗೆಸಿದರಂತೆ. ಇದನ್ನು ನನಗೆ ಹೇಳಿದ್ದು ಅವರೇ, ಒಂದಲ್ಲ ಹತ್ತು ಸಲ. ಪ್ರತಿ ಸಲ ಹೇಳುವಾಗಲೂ ಮೈದುನಂದಿರ ಮುಖ ಇನ್ನಷ್ಟು ಸಣ್ಣಗಾಗುತ್ತಿತ್ತು.

ಮನೆಗಳನ್ನು ಅವರು ಯಜಮಾನರ ಹೆಸರಿನಿಂದ ಗುರುತಿಸುತ್ತಿರಲಿಲ್ಲ. "ಅದೇ, ಎರಡು ಹೆಂಡ್ರ ಕಥೆ ನೋಡ್ತಾರಲ್ಲ, ಆ ಮನೆ ಪಕ್ಕ" ಎನ್ನುತ್ತಿದ್ದರು. ಹಾಗಂತ ಅವರು ಯಾವ ಧಾರಾವಾಹಿಯನ್ನೂ ನೆಟ್ಟಗೆ ಕೂತು ನೋಡಿದವರಲ್ಲ. ರಿಪೇರಿಗೆ ಹೋದ ಮನೆಯಲ್ಲಿ ಒಂದಿಷ್ಟು, ದುಡ್ಡು ಕೇಳಲು ಹೋದ ಮನೆಯಲ್ಲಿ ಒಂದಿಷ್ಟು. ಹೀಗಾಗಿ ಅವರ ತಲೆಯಲ್ಲಿ ಎಲ್ಲ ಧಾರಾವಾಹಿಗಳೂ ಕಲಸಿ ಒಂದೇ ಆಗಿಬಿಟ್ಟಿದ್ದವು. ಒಂದು ಕಥೆಯ ಅತ್ತೆ ಇನ್ನೊಂದು ಕಥೆಯ ಸೊಸೆಗೆ ಹಾಲಿನಲ್ಲಿ ವಿಷ ಹಾಕುತ್ತಿದ್ದಳು, ಮೂರನೆಯ ಕಥೆಯ ಪೊಲೀಸು ಬಂದು ಅವಳನ್ನು ಹಿಡಿಯುತ್ತಿದ್ದ. ಕೇಳುವವರಿಗೆ ಟಿ.ವಿ.ಯಲ್ಲಿ ಬರುವ ಕಥೆಗಿಂತ ಇದೇ ಚೆನ್ನಾಗಿತ್ತು.

ನಾನು ಜಗಳೂರಿನವಳು. ಮದುವೆಯಾಗಿ ಚನ್ನಗಿರಿಗೆ ಬಂದೆ. ವೆಬ್‌ಸೈಟ್ ಮಾಡುವುದು ನನ್ನ ಕಸುಬು. ಅಡಿಕೆ ಮಂಡಿ, ಕಲ್ಯಾಣ ಮಂಟಪ, ಕಣ್ಣಿನ ಆಸ್ಪತ್ರೆ, ಯಾರು ಕೇಳಿದರೂ ಮಾಡಿಕೊಡುತ್ತೇನೆ, ಮನೆಯಲ್ಲೇ ಕೂತು. "ಪೆಟ್ಟಿಗೆ ಮುಂದೆ ಕುಂತು ಬೆರಳಾಡಿಸೋದು ಎಂಥ ಕೆಲಸನಮ್ಮಾ?" ಎಂದು ನಮ್ಮತ್ತೆ ಬಂದವರ ಮುಂದೆಲ್ಲ ಕೇಳುತ್ತಿದ್ದರು. ಆ ಮನೆಯ ಒಳಕೋಣೆಯಲ್ಲಿ ಮೊಬೈಲ್ ಸಿಗ್ನಲ್ ಬರುತ್ತಿರಲಿಲ್ಲ. ಮಹಡಿ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು, ನೆರಳು ಸರಿದಂತೆ ನಾನೂ ಸರಿಯುತ್ತ ಕೆಲಸ ಮಾಡುತ್ತಿದ್ದೆ. ಹೇಳಿದ ಹೊತ್ತಿಗೆ ಕೊಡಲಾಗದೆ ಇದ್ದಬದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಕೈಬಿಡತೊಡಗಿದರು. ಗೋಡೆಗೆ ತೂತು ಕೊರೆಸಿ ಇಂಟರ್ನೆಟ್ ಲೈನ್ ಹಾಕಿಸೋಣ ಎಂದರೆ ಅತ್ತೆ, ಬಣ್ಣ ಬಳಿಸಿ ಇನ್ನೂ ವರ್ಷವಾಗಿಲ್ಲ ಎಂದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಗಂಡ, "ಹೋಗಲಿ ಬಿಟ್ಟುಬಿಡು, ಈಗೇನು ದುಡಿದೇ ತೀರಬೇಕಾ?" ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದ, ಅದಕ್ಕೇ ಜಾಸ್ತಿ ಉರಿಯಿತು.

ಆಗ ಕೇಬಲ್ ಅಕ್ಕ ಫೈಬರ್ ಲೈನ್ ಎಳೆಯಲು ಶುರು ಮಾಡಿದ್ದರು. ಟಿ.ವಿ. ನೋಡುವವರೆಲ್ಲ ಮೊಬೈಲ್ ನೋಡತೊಡಗಿದ ಮೇಲೆ ತಾವೂ ಅತ್ತ ತಿರುಗಿದ್ದರು. ಒಂದು ದಿನ ವೈರು ನೋಡಲು ನಮ್ಮ ಮಹಡಿ ಹತ್ತಿದವರು ನನ್ನ ಅವಸ್ಥೆ ಕಂಡು ಕೆಳಗಿಳಿದು, ನೇರ ನಮ್ಮತ್ತೆಯ ಹತ್ತಿರ ಹೋದರು.

"ಅಮ್ಮಾರೆ, ನಿಮ್ಮ ಕಥೇಲಿ ಆ ಮಗು ಯಾರದ್ದು ಅಂತ ಈ ವಾರ ಗೊತ್ತಾಗ್ತೈತಂತೆ. ಸರಿಯಾಗಿ ಆ ಹೊತ್ತಿಗೆ ಮಳೆ ಬಂದು ಟಿ.ವಿ. ನಿಂತ್ರೆ ನನ್ನ ಬೈಬ್ಯಾಡ್ರಿ ಮತ್ತೆ. ಈ ಗಾಜಿನ ಲೈನ್ ಹಾಕಿಸ್ಕಂಡ್ರೆ ಮಳೆ ಬರ್ಲಿ, ಗಾಳಿ ಬರ್ಲಿ, ಚಿತ್ರ ಅಲ್ಲಾಡಲ್ಲ."

ತೂತು ಎಲ್ಲಿ ಕೊರೆಯಬೇಕೆಂದು ಅತ್ತೆಯೇ ಬೆರಳಿಟ್ಟು ತೋರಿಸಿದರು. ಅಕ್ಕ ಡ್ರಿಲ್ಲಿಂಗ್ ಮೆಷಿನ್ ಹಿಡಿದು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಆ ತೂತಿನಿಂದಲೇ ನನ್ನ ಅನ್ನ ಬಂತು. ಇವತ್ತಿಗೂ ಬರುತ್ತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದು ಬೇರೆ ಥರದ ಮಾತು.

ಆಮೇಲೆ ಅವರು ಬಿಡುವಾದಾಗಲೆಲ್ಲ ನನ್ನ ಕೋಣೆಗೆ ಬಂದು ಕೂರುತ್ತಿದ್ದರು. ನನ್ನನ್ನು ತಂಗಿ ಎನ್ನುತ್ತಿದ್ದರು. ಈ ಊರಲ್ಲಿ ನನ್ನ ಕೆಲಸ ಏನು ಎಂದು ಕುತೂಹಲದಿಂದ ಕೇಳಿದ ಮೊದಲ ಮನುಷ್ಯರು ಅವರು. ನನಗಂತೂ ಹೇಳಿಕೊಳ್ಳಲು ಯಾರಾದರೂ ಬೇಕಿತ್ತು. ಕ್ರಿಕೆಟ್ ನಡೆಯುವಾಗ ಪಕ್ಕದ ಮನೆಯವರು ಕೇಬಲ್ಲಿನಲ್ಲಿ ನೋಡಿ ಹೋ ಎಂದು ಕೂಗಿದ ಎಷ್ಟೋ ಹೊತ್ತಿನ ಮೇಲೆ ನನ್ನ ಗಂಡನ ಮೊಬೈಲಿನಲ್ಲಿ ವಿಕೆಟ್ ಬೀಳುತ್ತಿತ್ತು. "ಎರಡಕ್ಕೂ ನೇರಪ್ರಸಾರ ಅಂತಾನೇ ಬರ್ದಿರ್ತಾರೆ ನೋಡು!" ಎಂದು ಅಕ್ಕ ನಗುತ್ತಿದ್ದರು. ಚಿತ್ರವನ್ನು ಚೂರುಚೂರು ಮಾಡಿ ಕಳಿಸುತ್ತಾರೆ, ಮುಂದಿನ ಚೂರುಗಳನ್ನು ಒಂದಷ್ಟು ಕೂಡಿಟ್ಟುಕೊಂಡೇ ಮೊಬೈಲ್ ತೋರಿಸಲು ಶುರು ಮಾಡುತ್ತದೆ, ಹಾಗಾಗಿ ತಡ ಎಂದು ನಾನು ವಿವರಿಸುತ್ತಿದ್ದೆ. ತಲೆಯಾಡಿಸಿ ಕೇಳುತ್ತಿದ್ದರು.

ಒಂದು ದಿನ ನಾನು ಒಂದು ಪುಟಕ್ಕೆ ಸುತ್ತುವ ಚಕ್ರ ಜೋಡಿಸುತ್ತಿದ್ದೆ. ಪುಟ ತೆರೆಯುವ ಮೊದಲು ಗಿರಗಿರ ತಿರುಗುತ್ತದಲ್ಲ, ಅದು. "ಇದು ಎಷ್ಟು ಬಂತು, ಎಷ್ಟು ಬಾಕಿ ಅಂತ ಅಳೀತೈತಾ?" ಎಂದು ಕೇಳಿದರು. ಇಲ್ಲ ಅಕ್ಕಾ, ಸುಮ್ಮನೆ ಸುತ್ತುತ್ತದೆ, ಏನೋ ಆಗುತ್ತಿದೆ ಅನ್ನಿಸಿದರೆ ಜನ ಎದ್ದು ಹೋಗುವುದಿಲ್ಲ, ಅದಕ್ಕೆ, ಎಂದೆ. ಅಕ್ಕ ತೊಡೆ ತಟ್ಟಿಕೊಂಡು ನಕ್ಕರು. "ಹಂಗಾರೆ ನಿಮ್ದೂ ಧಾರಾವಾಹಿನೇ ಬಿಡು! ಬಾಗಿಲು ಬಡಿಯೋ ಸದ್ದು ಕೇಳ್ಸಿ ನಾಳೆಗೆ ಮುಂದೂಡ್ತಾರಲ್ಲ, ಅದೇ ಇದು." ಈ ಹೋಲಿಕೆ ನನಗೆ ಎಷ್ಟು ಹಿಡಿಸಿತೆಂದರೆ ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ನನ್ನದೇ ಎಂಬಂತೆ ಹೇಳಿಕೊಂಡು ಓಡಾಡಿದೆ.

ಅಕ್ಕನ ತವರು ನ್ಯಾಮತಿ ಕಡೆಯ ಗೋವಿನಕೋವಿ. ಅಲ್ಲಿ ಅವರ ತಂಗಿಯ ಮಗಳು ಚೆನ್ನಾಗಿ ಹಾಡುತ್ತಿದ್ದಳು. ಇಪ್ಪತ್ತರ ಆಸುಪಾಸಿನ ಹುಡುಗಿ. ಮೂರು ವರ್ಷದ ಹಿಂದೆ ಒಂದು ವಾಹಿನಿಯ ಹಾಡಿನ ಸ್ಪರ್ಧೆಗೆ ಆಯ್ಕೆಯಾದಳು. ವಾಹಿನಿಯವರು ಅವಳ ಮನೆ ಚಿತ್ರೀಕರಿಸಲು ಊರಿಗೆ ಬಂದರು. ಟೈಲ್ಸ್ ಹಾಕಿದ ಹಜಾರ ಅವರಿಗೆ ಹಿಡಿಸಲಿಲ್ಲ. ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಹುಡುಗಿಯನ್ನು ಕೂರಿಸಿ, ಕೈಗೆ ಸೀಮೆಎಣ್ಣೆ ಬುಡ್ಡಿ ಕೊಟ್ಟು ಹಾಡಿಸಿಕೊಂಡು ಹೋದರು. "ಕರೆಂಟ್ ಇದ್ದ ಮನೇಲಿ ಬುಡ್ಡಿ ಹುಡುಕಾಕೆ ಅರ್ಧ ದಿನ ಹಿಡೀತು" ಎಂದು ಅಕ್ಕ ನಮ್ಮ ಮನೆಯಲ್ಲಿ ಅಭಿನಯಿಸಿ ತೋರಿಸಿದರು. ನಮ್ಮತ್ತೆ ಕೂಡ ನಕ್ಕರು. ಆದರೆ ಭಾನುವಾರ ಟಿ.ವಿ.ಯಲ್ಲಿ ಅದು ಬಂದಾಗ ಅದೇ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಸುಳ್ಳೆಂದು ಗೊತ್ತಿದ್ದೂ ಕಣ್ಣು ತುಂಬಿ ಬರುವುದು ಹೇಗೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ತೀರ್ಪುಗಾರರ ಅಂಕ ಮತ್ತು ಜನರ ಓಟು ಎರಡೂ ಸೇರಿ ಫಲಿತಾಂಶ ಎಂದು ಪರದೆಯ ಕೆಳಗೆ ಅಕ್ಷರ ಓಡುತ್ತಿತ್ತು. ಓಟು ಹಾಕುವುದು ಮೊಬೈಲಿನಲ್ಲಿ. ಅಕ್ಕ ಬಂದು, "ತಂಗಿ, ಓದು ಬರದೇ ಇರೋರಿಗೂ ತಿಳಿಯಂಗೆ ಒಂದು ವೆಬ್‌ಸೈಟ್ ಮಾಡಿಕೊಡು" ಎಂದರು. ಮಾಡಿಕೊಟ್ಟೆ. ಹುಡುಗಿಯ ಫೋಟೋ, ಅವಳ ಎರಡು ಹಾಡು, ಕೆಳಗೆ ಅಂಗೈಯಗಲದ ಕೆಂಪು ಗುಂಡಿ. ಒತ್ತಿದರೆ ಸೀದಾ ಓಟಿನ ಪುಟ. ನಾನು ಮಾಡಿದ ಎಲ್ಲ ಪುಟಗಳ ಅಡಿಯಲ್ಲಿ ಇರುವಂತೆ ಅದರಲ್ಲೂ ನನ್ನ ಹೆಸರು, ಊರು ಇತ್ತು. ಅಕ್ಕ ಹೊನ್ನಾಳಿ, ನ್ಯಾಮತಿ, ಕತ್ತಲಗೆರೆ, ಸೂಳೆಕೆರೆ ದಂಡೆಯ ಹಳ್ಳಿಗಳನ್ನೆಲ್ಲ ಸುತ್ತಿದರು. ಹೋಟೆಲು, ಸೊಸೈಟಿ, ಮದುವೆ ಊಟದ ಪಂಕ್ತಿ, ಎಲ್ಲಿ ಹೋದರೂ ಅದೇ ಮಾತು. ಪ್ರತಿ ವಾರ ಹುಡುಗಿ ಮುಂದಿನ ಸುತ್ತಿಗೆ ಹೋಗುತ್ತಿದ್ದಳು. ನಮ್ಮ ಓಟಿನಿಂದಲೇ ಹೋದಳು ಎಂದು ನಾವು ಬೀಗುತ್ತಿದ್ದೆವು.

ದೀಪಾವಳಿ ಮುಗಿದ ಮೇಲೆ ನಾನು ತವರಿಗೆ ಹೊರಟಿದ್ದೆ. ಹಿಂದಿನ ಸಂಜೆ ಅಕ್ಕ ಬಂದರು. ಯಾವತ್ತಿಗಿಂತ ಜಾಸ್ತಿ ಹೊತ್ತು ಕೂತರು.

"ಬಾಕಿ ಎಲ್ಲಾ ಕಡೆ ಆತು ತಂಗಿ. ನಿಮ್ಮ ಜಗಳೂರೇ ಬಾಕಿ. ಅಪ್ಪಾಜಿಗೆ ಹೇಳು. ಗಿರಣಿಗೆ ದಿನಾ ಎಷ್ಟು ಜನ ಬರ್ತಾರೆ! ಅವರು ಒಂದು ಮಾತು ಅಂದ್ರೆ ಯಾರೂ ಇಲ್ಲ ಅನ್ನಲ್ಲ."

ನಮ್ಮಪ್ಪ ಜಗಳೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟವರು. ಅಳತೆಯಲ್ಲಿ ಒಂದು ಹಿಡಿ ಹಿಟ್ಟು ಹೆಚ್ಚುಕಡಿಮೆ ಮಾಡಿದವರಲ್ಲ, ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ನನ್ನ ಮದುವೆಯ ಕರೆಯೋಲೆ ಕೊಡುವಾಗಲೂ ಸಂಕೋಚದಿಂದ ಬಾಗಿಲ ಹೊರಗೇ ನಿಂತವರು. ಅಂಥವರಿಗೆ ನಾನು ಓಟು ಕೇಳಲು ಹೇಳಿದೆ. ಒಂದು ಕ್ಷಣ ನನ್ನ ಮುಖ ನೋಡಿ, "ನೀನು ಹೇಳ್ತೀಯ ಅಂದ್ರೆ ಸರಿ" ಎಂದರು. ಜೋಳ, ರಾಗಿ ತಂದವರಿಗೆ ಚೀಲ ಇಳಿಸುವ ಮೊದಲೇ, "ಮೊಬೈಲ್ ಐತೇನ್ರೀ? ನಮ್ಮ ಕಡೆ ಹುಡುಗಿ ಒಬ್ಳು ಹಾಡ್ತಾಳೆ" ಎಂದು ಶುರು ಮಾಡಿದರು. ಹಿಟ್ಟು ಬಡಿದ ಬೆರಳನ್ನು ಪಂಚೆಗೆ ಒರೆಸಿಕೊಂಡು, ಅವರವರ ಮೊಬೈಲ್ ಇಸಿದುಕೊಂಡು, ಕೆಂಪು ಗುಂಡಿ ಹುಡುಕಿ ತಾವೇ ಒತ್ತಿಕೊಡುತ್ತಿದ್ದರು. ಒಬ್ಬ ಮುದುಕಮ್ಮ ಓಟು ಹಾಕಿಸಿಕೊಂಡ ಮೇಲೆ ಎಡಗೈ ಬೆರಳು ಮುಂದೆ ಚಾಚಿ ನಿಂತರು. "ಮಸಿ ಹಚ್ಚಲ್ಲೇನಪ್ಪ?" ಎಂದು ಕೇಳಿದರು. ಅಪ್ಪ ನಗಲಿಲ್ಲ. ಇದಕ್ಕೆ ಮಸಿ ಇಲ್ಲ ಅಜ್ಜಿ ಎಂದು ಸಮಾಧಾನವಾಗಿ ಹೇಳಿದರು. ನಾನು ಚನ್ನಗಿರಿಗೆ ವಾಪಸಾದ ಮೇಲೂ ಅಪ್ಪ ಅದನ್ನು ಬಿಡಲಿಲ್ಲ.

ಮುಂದಿನ ಭಾನುವಾರ ಅಕ್ಕನ ಮನೆ ಮುಂದೆ ದೊಡ್ಡ ಟಿ.ವಿ. ಇಟ್ಟಿದ್ದರು. ಬೀದಿಗೆ ಬೀದಿಯೇ ಸೇರಿತ್ತು. ಹುಡುಗಿ ಚೆನ್ನಾಗಿಯೇ ಹಾಡಿದಳು. ಆಮೇಲೆ ದೀಪ ಆರಿಸಿ, ಎದೆ ಬಡಿತದ ಸದ್ದು ಕೇಳಿಸಿ, ಎರಡು ಸಲ ಜಾಹೀರಾತು ತೋರಿಸಿ, ಕೊನೆಗೆ ಅವಳ ಹೆಸರು ಹೇಳಿದರು. ಸ್ಪರ್ಧೆಯಿಂದ ಹೊರಗೆ. ಅಷ್ಟರಲ್ಲಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಜಗಲಿಯ ಮೇಲೆ ಕುಸಿದು ಅಳತೊಡಗಿದರು. "ಅಯ್ಯೋ ನನ್ನ ಕೂಸೇ, ಇಷ್ಟು ಜನ ಇದ್ದೂ ನಿನ್ನ ಕೈಬಿಟ್ವಲ್ಲೇ" ಎಂದು ಎದೆ ಎದೆ ಬಡಿದುಕೊಂಡರು. ನಾನು ಓಡಿಹೋಗಿ ತಬ್ಬಿಕೊಂಡೆ. ನನ್ನ ಹೆಗಲು ಒದ್ದೆಯಾಯಿತು. ಅವರನ್ನು ಸಮಾಧಾನ ಮಾಡುತ್ತ ಮಾಡುತ್ತ ನಾನೂ ಗೊಳೋ ಎಂದು ಅತ್ತೆ. ನೀರು ತಂದುಕೊಟ್ಟವರು ನಮ್ಮತ್ತೆ.

ಮನೆಗೆ ಬರುವಷ್ಟರಲ್ಲಿ ಅಪ್ಪನ ಫೋನು.

"ಅವ್ವಾ, ನಾನೇ ಎಲ್ಲೋ ತಪ್ಪು ಒತ್ತಿದ್ನೇನೋ. ಕನ್ನಡಕ ಇಲ್ದೇ ಒತ್ತಿದ್ದೂ ಐತೆ. ನನ್ನ ಕೈಯಿಂದ ಆ ಹುಡುಗೀಗೆ ಹಿಂಗಾತೇನೋ ಅಂತ ಊಟ ಸೇರ್ಲಿಲ್ಲ."

ಹಾಗೇನಿಲ್ಲ ಅಪ್ಪಾಜಿ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಹೇಗಿದ್ದಾರೋ ಎಂದು ಒಂದು ಡಬ್ಬಿ ಉಪ್ಪಿಟ್ಟು ಹಿಡಿದುಕೊಂಡು ಹೋದೆ. ಗೇಟು ತೆಗೆಯುವಾಗ ಮಹಡಿಯಿಂದ ಹಾಡು ಕೇಳಿಸಿತು. ಅದೇ ಧ್ವನಿ. ಅಕ್ಕ ಪಾಪ ಮೊಬೈಲಿನಲ್ಲಿ ಅವಳ ಹಾಡು ಹಾಕಿಕೊಂಡು ಕೂತಿದ್ದಾರೆ ಎಂದುಕೊಂಡೆ. ಮೆಟ್ಟಿಲು ಹತ್ತಿ ನೋಡಿದರೆ ಬಿಸಿಲಿನಲ್ಲಿ ಕೂದಲು ಹರಡಿಕೊಂಡು ಆ ಹುಡುಗಿಯೇ ಕೂತಿದ್ದಳು. ಪಕ್ಕದಲ್ಲಿ ಕೇಬಲ್ ಯಂತ್ರಗಳಿರುವ ಕೋಣೆ, ಯಾವಾಗಲೂ ಬೀಗ ಹಾಕಿರುವ ಕೋಣೆ, ಬಾಗಿಲು ತೆರೆದಿತ್ತು. ಒಳಗೆ ಹಾಸಿಗೆ, ತಟ್ಟೆ, ಲೋಟ.

"ವೆಬ್‌ಸೈಟ್ ಮಾಡಿದೋರು ನೀವೇ ಅಲ್ವಾ ಅಕ್ಕಾ?" ಎಂದು ಎದ್ದು ನಿಂತಳು. ಯಾವಾಗ ಬಂದೆ, ರಾತ್ರಿ ಬಸ್ಸಿಗಾ ಎಂದು ಕೇಳಿದೆ. ಅವಳು ಪಾಪ, ಇನ್ನು ಹೇಳಬಹುದು ಎಂಬ ಸಡಗರದಲ್ಲಿದ್ದಳು.

"ಇಲ್ಲಕ್ಕಾ, ಹಬ್ಬಕ್ಕೆ ಮೊದ್ಲೇ ಬಂದೆ. ಹೋಳಿಗೆ ಇಲ್ಲೇ ಉಂಡೆ. ಶೂಟಿಂಗ್ ಅವಾಗ್ಲೇ ಮುಗಿದು ನಾನು ಔಟಾಗಿದ್ನಲ್ಲ. ಟಿ.ವೀಲಿ ಬರೋ ತನಕ ಯಾರ ಕಣ್ಣಿಗೂ ಬೀಳಂಗಿಲ್ಲ ಅಂತ ಸಹಿ ಹಾಕಿಸ್ಕಂಡಿದ್ರು. ಊರಾಗಿದ್ರೆ ಎಲ್ರಿಗೂ ಗೊತ್ತಾಗ್ತೈತೆ ಅಂತ ದೊಡ್ಡವ್ವ ಇಲ್ಲಿಟ್ಕಂಡ್ಳು. ನಿನ್ನೆ ಕೆಳಗೆ ದೊಡ್ಡವ್ವ ಅಳೋದು ಕೇಳಿ ನಂಗೂ ಅಳು ಬಂತು."

ಹಬ್ಬಕ್ಕೆ ಮೊದಲೇ. ನಾನು ಜಗಳೂರಿಗೆ ಹೋದದ್ದು ಹಬ್ಬ ಮುಗಿದ ಮೇಲೆ.

ಅಷ್ಟರಲ್ಲಿ ಅಕ್ಕ ಮೆಟ್ಟಿಲು ಹತ್ತಿ ಬಂದರು. ನನ್ನನ್ನು ನೋಡಿ ನಿಂತರು. ಕೈ ತುರುಬಿಗೆ ಹೋಯಿತು. ಇನ್ನೂ ತಲೆ ಬಾಚಿರಲಿಲ್ಲ, ಟೆಸ್ಟರ್ ಇರಲಿಲ್ಲ.

"ನಾನು ತವರಿಗೆ ಹೊರಟಾಗ ಇವಳು ಎಲ್ಲಿದ್ದಳು ಅಕ್ಕಾ?"

"ಇಲ್ಲೇ ಇದ್ಲು."

"ನಮ್ಮಪ್ಪ ಗಿರಣಿಯಲ್ಲಿ ಕಂಡಕಂಡವರನ್ನು ಬೇಡುವಾಗ?"

"ಇಲ್ಲೇ ತಂಗಿ. ನಾನೇನು ಮಾಡ್ಲಿ? ಬಾಯಿ ಬಿಟ್ರೆ ಕೇಸು ಹಾಕ್ತಾರಂತೆ."

"ಬಾಯಿ ಬಿಡುವುದು ಬೇಡ. ಓಟು ಕೇಳುವುದನ್ನು ನಿಲ್ಲಿಸಬಹುದಿತ್ತಲ್ಲ?"

"ಹೆಂಗೆ ನಿಲ್ಲಿಸ್ಲಿ? ದಿನಾ ಊರೂರು ಅಲಿಯೋಳು ಒಂದಿನ ಸುಮ್ನೆ ಮನೇಲಿ ಕುಂತ್ರೆ ಜನಕ್ಕೆ ಅವತ್ತೇ ಗೊತ್ತಾಗ್ತಿತ್ತು. ಅದಕ್ಕೇ ಇನ್ನಾ ಜಾಸ್ತಿ ಕೇಳಿದೆ."

"ನನಗೊಬ್ಬಳಿಗೆ ಹೇಳಬಹುದಿತ್ತು."

"ನಿನ್ನ ಮುಖ ನಂಗೆ ಗೊತ್ತಿಲ್ಲೇನು? ಮನೇಲಿ ಅತ್ತೆ ಬೈದ್ರೆ ಆಚೆ ಬೀದಿಯೋರಿಗೆ ತಿಳಿಯೋ ಮುಖ ಅದು."

ನನ್ನ ಕೈಯಲ್ಲಿ ಉಪ್ಪಿಟ್ಟಿನ ಡಬ್ಬಿ ಇನ್ನೂ ಬಿಸಿಯಾಗಿಯೇ ಇತ್ತು. "ನಿನ್ನೆ ಅತ್ತಿರಲ್ಲ ಅಕ್ಕಾ?" ಎಂದೆ.

ಅವರು ತಲೆ ತಗ್ಗಿಸಲಿಲ್ಲ. "ಅಳದೇ ಇದ್ರೆ ಮೊದ್ಲೇ ಗೊತ್ತಿತ್ತು ಅಂತ ಆಗ್ತಿತ್ತಲ್ಲ" ಎಂದರು. ಆಮೇಲೆ, ಇದನ್ನು ಅವರು ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು, "ನೀನೂ ಮಾಡ್ತೀಯಲ್ಲ ತಂಗಿ, ಸುಮ್ನೆ ಸುತ್ತೋ ಚಕ್ರ. ಜನ ಎದ್ದು ಹೋಗಬಾರ್ದು ಅಂತ" ಎಂದರು.

ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಇಳಿದು ಬಂದೆ. ಉತ್ತರ ಹೊಳೆದದ್ದು ಮನೆಯ ಬಾಗಿಲಿಗೆ ಬಂದ ಮೇಲೆ. ನನ್ನ ಚಕ್ರದ ಹಿಂದೆ ಏನೋ ಒಂದು ಬರುವುದಿರುತ್ತದೆ, ತಡವಾಗಿಯಾದರೂ ಬರುತ್ತದೆ. ಅವರು ನಮ್ಮಪ್ಪನನ್ನು ನಿಲ್ಲಿಸಿದ್ದು ಏನೂ ಬಾರದ ಪುಟದ ಮುಂದೆ. ವಾಪಸು ಹೋಗಿ ಹೇಳೋಣವೆನ್ನಿಸಿತು. ಹೋಗಲಿಲ್ಲ. ಸಿಟ್ಟಿಗಿಂತ ಅವಮಾನ ಜಾಸ್ತಿಯಾಗಿತ್ತು. ನಾನು ಅವರನ್ನು ತಬ್ಬಿಕೊಂಡು ಅತ್ತಿದ್ದೆ, ಅವರು ನನ್ನ ಹೆಗಲ ಮೇಲೆ ಅಳುವ ಕೆಲಸ ಮಾಡುತ್ತಿದ್ದರು.

ವಾಹಿನಿಯ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ, ವಿಚಿತ್ರ. 'ನಿಮ್ಮ ಓಟು ತಲುಪಿದೆ, ಧನ್ಯವಾದ' ಎಂದು ಹೇಳುವ ಪುಟ ಮಾಡುವುದು ಎಷ್ಟು ಸುಲಭ ಎಂದು ನನಗೆ ಗೊತ್ತು. ಓಟು ಎಲ್ಲಿಗೂ ತಲುಪದಿದ್ದರೂ ಆ ಪುಟ ಹಾಗೇ ಹೇಳುತ್ತದೆ. ಚಿತ್ರೀಕರಣ ಯಾವತ್ತು, ಓಟು ಸೇರುವುದು ಯಾವತ್ತು ಎಂದು ಇಡೀ ಸೀಮೆಯಲ್ಲಿ ಯಾರೊಬ್ಬರೂ ಕೇಳಿರಲಿಲ್ಲ. ಟಿ.ವಿ. ಸುಳ್ಳು ಹೇಳುತ್ತದೆ ಎಂದು ತಿಳಿದೇ ನೋಡುತ್ತೇವೆ. ಎದುರು ಕೂತು ನಮ್ಮ ಮನೆಯ ಚಹಾ ಕುಡಿಯುವವರೂ ಹೇಳುತ್ತಾರೆ ಎಂದು ತಿಳಿದಿರುವುದಿಲ್ಲ.

ಅವತ್ತೇ ಮಧ್ಯಾಹ್ನದ ಹೊತ್ತಿಗೆ, ಹುಡುಗಿ ಹಬ್ಬದಿಂದಲೂ ಚನ್ನಗಿರಿಯಲ್ಲೇ ಇದ್ದಳಂತೆ ಎಂಬ ಸುದ್ದಿ ಎಲ್ಲರ ಮೊಬೈಲಿಗೂ ಹೋಯಿತು. ಪಕ್ಕದ ಮಹಡಿಯವರು ಯಾರೋ ನಮ್ಮ ಮಾತು ಕೇಳಿಸಿಕೊಂಡಿರಬೇಕು. ಸುದ್ದಿಯ ಜೊತೆಗೆ ನನ್ನ ವೆಬ್‌ಸೈಟಿನ ಚಿತ್ರವೂ ಹೋಯಿತು, ಅಡಿಯಲ್ಲಿದ್ದ ನನ್ನ ಹೆಸರಿನ ಸಮೇತ. ಪುಟವನ್ನು ಅಳಿಸಿ ಅಪ್ಪನಿಗೆ ಫೋನು ಮಾಡಿದೆ. ನೀವು ತಪ್ಪು ಒತ್ತಿಲ್ಲ ಅಪ್ಪಾಜಿ, ಹೀಗೆ ಹೀಗೆ ಆಗಿದೆ ಎಂದು ಎಲ್ಲವನ್ನೂ ಹೇಳಿದೆ. ಹಿಂದೆ ಗಿರಣಿ ಓಡುತ್ತಿತ್ತು. ಆಗಲೇ ಯಾರೋ, "ಏನ್ರೀ, ಇವತ್ತೂ ಓಟು ಬೀಸ್ತೀರಾ?" ಎಂದದ್ದು ನನಗೂ ಕೇಳಿಸಿತು.

"ನಿನಗೆ ಮೊದ್ಲೇ ಗೊತ್ತಿತ್ತೇನವ್ವ?" ಎಂದು ಅಪ್ಪ ಕೇಳಿದರು.

"ಇಲ್ಲ ಅಪ್ಪಾಜಿ."

ಗುಂಡಿ ಒತ್ತಿದ ಮೇಲೆ ಉತ್ತರ ಬರಲು ಎಷ್ಟು ತಡವಾಗುತ್ತದೆ ಎಂದು ಅಳೆಯುವುದು ನನ್ನ ಕಸುಬಿನ ಒಂದು ಭಾಗ. ಅವತ್ತಿನ ತಡ ಅಳೆಯಲು ನನಗೆ ಧೈರ್ಯ ಸಾಲದು.

"ಹಂಗಾರೆ ಆತು ಬಿಡು" ಎಂದರು ಅಪ್ಪ.

ಅದರ ನಂತರ ಅವರು ಆ ವಿಷಯ ಎತ್ತಲಿಲ್ಲ. ಹಬ್ಬಕ್ಕೆ ಹೋದರೆ ಮಾತಾಡಿಸುತ್ತಿದ್ದರು, ಬರುವಾಗ ಜೋಳದ ಹಿಟ್ಟು ಕಟ್ಟಿಕೊಡುತ್ತಿದ್ದರು. ಎಲ್ಲವೂ ಮೊದಲಿನಂತೆ ಇತ್ತು, ಆದರೆ ಅವರು ನನ್ನನ್ನು ನಂಬಿದ್ದಾರೋ ಇಲ್ಲವೋ ಎಂಬುದು ನನಗೆ ತಿಳಿಯಲಿಲ್ಲ. ಕೇಳಿದರೆ ಕೇಳಿದ್ದೇ ಅನುಮಾನಕ್ಕೆ ದಾರಿ ಎಂದು ಸುಮ್ಮನಿದ್ದೆ. ಹೀಗೆ ನನ್ನ ಅಪ್ಪನ ಮುಂದೆ ನಾನು ಎರಡು ವರ್ಷ ಕಳ್ಳಿಯಂತೆ ಕೂತು ಎದ್ದೆ. ಅದಕ್ಕೆಲ್ಲ ಕಾರಣ ಕೇಬಲ್ ಅಕ್ಕ.

ಅಕ್ಕನ ಜೊತೆ ಮಾತು ಬಿಟ್ಟೆ. ಲೈನ್ ಕೆಟ್ಟರೆ ತಾವು ಬರದೆ ಕೆಲಸದವನನ್ನು ಕಳಿಸುತ್ತಿದ್ದರು, ಹೇಳಿದ ಸ್ವಲ್ಪ ಹೊತ್ತಿಗೇ. ದಾರಿಯಲ್ಲಿ ಎದುರಾದರೆ "ಆರಾಮಾ ತಂಗಿ?" ಎನ್ನುತ್ತಿದ್ದರು. ನಾನು ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ಅವರು ಒಮ್ಮೆಯೂ ತಪ್ಪಾಯಿತು ಎನ್ನಲಿಲ್ಲ. ಅಂದಿದ್ದರೂ ನಾನು ನಂಬುತ್ತಿರಲಿಲ್ಲ. ಅವರ ಕಣ್ಣೀರಿನಿಂದ ನನ್ನ ಹೆಗಲು ಒಮ್ಮೆ ನೆಂದಿತ್ತಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡರು. ಹೃದಯಾಘಾತ. ಬೆಳಿಗ್ಗೆ ಒಂದು ಮನೆಯಲ್ಲಿ ಲೈನ್ ಸರಿಮಾಡಿ ಬಂದು ಜಗಲಿಯ ಮೇಲೆ ಕೂತವರು ಏಳಲಿಲ್ಲ. ಬೀದಿಯ ಹೆಂಗಸರೆಲ್ಲ ಅತ್ತರು, ನಮ್ಮತ್ತೆ ಎಲ್ಲರಿಗಿಂತ ಜಾಸ್ತಿ. ಗೋವಿನಕೋವಿಯ ಹುಡುಗಿ ಬಂದು ದೊಡ್ಡವ್ವನ ಕಾಲ ಬಳಿ ಕೂತಿದ್ದಳು. ನಾನು ಒಣ ಕಣ್ಣಿನಲ್ಲಿ ಗೋಡೆಗೆ ಒರಗಿ ನಿಂತಿದ್ದೆ.

ಶಿವಗಣಾರಾಧನೆಯ ದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಯಾರೂ ಕರೆದಿರಲಿಲ್ಲ. ನಾನು ಸುದ್ದಿ ತಿಳಿಸಿದ್ದೆ, ಅಷ್ಟೆ. ಗಿರಣಿಗೆ ಬೀಗ ಹಾಕಿ, ಒಗೆದ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು ಬಂದಿದ್ದರು. ಅಕ್ಕನ ಫೋಟೋಗೆ ಹೂವಿಟ್ಟು ಕೈಮುಗಿದು, ಪಂಕ್ತಿಯಲ್ಲಿ ಕೂತು ಪ್ರಸಾದ ತೆಗೆದುಕೊಂಡರು. ನಾನು ನೋಡುತ್ತಲೇ ಇದ್ದೆ. ಮಧ್ಯಾಹ್ನ ಅವರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ತಡೆಯಲಾಗಲಿಲ್ಲ.

"ನೀವ್ಯಾಕೆ ಬಂದಿರಿ ಅಪ್ಪಾಜಿ? ಅವರಿಂದ ನಿಮಗಾಗಿದ್ದು ಸಾಲದಾ?"

ಅಪ್ಪ ಕಲ್ಲಿನ ಬೆಂಚಿನ ಮೇಲೆ ಕೂತು ಚಪ್ಪಲಿ ಸರಿಮಾಡಿಕೊಂಡರು.

"ಆಕೆ ನಮ್ಮ ಗಿರಣಿಗೆ ಬಂದಿದ್ರವ್ವ. ಆ ಗಲಾಟೆ ಆದ ವಾರದಾಗೇ. ಜೋಳದ ಚೀಲ ಹಿಡ್ಕಂಡು ಸಾಲಲ್ಲಿ ನಿಂತಿದ್ರು. ಯಾರೋ ಹೊಸೋರು ಅನ್ಕಂಡೆ. ಪಾಳಿ ಬಂದಾಗ, ಗಿರಣಿ ಒಂದ್ ಗಳಿಗೆ ನಿಲ್ಲಿಸ್ರಿ ಯಜಮಾನ್ರೆ, ನನ್ನ ಮಾತು ಎಲ್ರಿಗೂ ಕೇಳಬೇಕು ಅಂದ್ರು. ನಿಲ್ಲಿಸ್ದೆ. ಹುಡುಗಿನ ಮನೇಲಿ ಇಟ್ಕಂಡು ನಿಮ್ಮ ಹತ್ರ ಓಟು ಕೇಳಿಸ್ದೋಳು ನಾನು, ಇವರ ಮಗಳಿಗೆ ಒಂದಕ್ಷರ ಗೊತ್ತಿರಲಿಲ್ಲ, ಬೈಯೋದಿದ್ರೆ ನನ್ನ ಬೈರಿ ಅಂದ್ರು."

"ಬೈದರಾ?"

"ಬೈದ್ರು. ಬಾಯಿಗೆ ಬಂದಂಗೆ ಬೈದ್ರು. ನಿಂತ್ಕಂಡು ಬೈಸ್ಕಂಡ್ರು. ಆಮ್ಯಾಲೆ ಜೋಳ ಬೀಸಿಸ್ಕಂಡು ಬಸ್ಸಿಗೆ ಹೋದ್ರು."

"ಅತ್ತರಾ ಅಪ್ಪಾಜಿ?"

"ಇಲ್ಲ. ಅಳಲಿಲ್ಲ."

ಅದನ್ನು ಕೇಳಿಯೇ ನಾನು ನಂಬಿದೆ. ನಂಬಿದ ಮರುಕ್ಷಣ ಎಲ್ಲಿಲ್ಲದ ಸಿಟ್ಟು ಬಂತು, ಸತ್ತವರ ಮೇಲೂ ಎದುರು ಕೂತವರ ಮೇಲೂ. ಎರಡು ವರ್ಷ! ಅಕ್ಕ ದಿನವೂ ನಮ್ಮ ಬಾಗಿಲ ಮುಂದೆ ಹಾದು ಹೋಗುತ್ತಿದ್ದರು. ಅಪ್ಪ ಪ್ರತಿ ಹಬ್ಬಕ್ಕೂ ಹಿಟ್ಟು ಕಟ್ಟಿಕೊಡುತ್ತಿದ್ದರು. ಇಬ್ಬರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಈ ಸಲವೂ.

"ನನಗ್ಯಾಕೆ ಹೇಳಲಿಲ್ಲ? ಅಕ್ಕ ಬೇಡ ಅಂದರಾ?"

"ಆಕೆ ಏನೂ ಅನ್ನಲಿಲ್ಲ."

"ಮತ್ತೆ?"

ಅಪ್ಪ ಬಸ್ಸು ಬರುವ ರಸ್ತೆಯ ಕಡೆ ತಿರುಗಿದರು.

"ಹೆಂಗೆ ಹೇಳ್ಲವ್ವ? ಆಕೆ ಬಂದು ಹೇಳೋ ತನಕ ನಾನು ನಿನ್ನ ನಂಬಿರಲಿಲ್ಲ ಅಂತ ನಿಂಗೆ ಗೊತ್ತಾಗ್ತಿತ್ತಲ್ಲ."

ದಾವಣಗೆರೆ ಬಸ್ಸು ಬಂತು. ಅಪ್ಪ ಹತ್ತಿ ಕಿಟಕಿ ಪಕ್ಕ ಕೂತು ನನ್ನ ಕಡೆಗೆ ಕೈ ಚಾಚಿದರು. ಬಸ್ಸು ಹೊರಡುವವರೆಗೂ ಹಿಡಿದುಕೊಂಡೇ ನಿಂತಿದ್ದೆ. ಅದು ತಿರುವಿನಲ್ಲಿ ಮರೆಯಾದ ಮೇಲೆ ಅದೇ ಬೆಂಚಿನ ಮೇಲೆ, ಜನರ ನಡುವೆ ಕೂತು, ಕೇಬಲ್ ಅಕ್ಕನಿಗಾಗಿ ಅತ್ತೆ.